ಸಿಹಿಗೆ ಕಹಿ, ಉಪ್ಪಿಗೆ ಹುಳಿ: ಒರ್ಲಾಂಡೊ ಪಾರ್ಕುಗಳಲ್ಲಿ ಏನು ತಿಂದರೆ ಏನು ಕುಡಿಯಬೇಕು?

ಪ್ರಶ್ನೆ: ಜೂನ್ ತಿಂಗಳಲ್ಲಿ ನಾನು ಮತ್ತು ನಮ್ಮ ಯಜಮಾನರು ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳೊಂದಿಗೆ ಫ್ಲಾರಿಡಾದ ಒರ್ಲಾಂಡೊಗೆ ಹೋಗಿ ಡಿಸ್ನಿ ಮತ್ತು ಯೂನಿವರ್ಸಲ್ ಪಾರ್ಕುಗಳನ್ನು ನೋಡುವ ಯೋಜನೆಯಿದೆ. ಮೊಮ್ಮಕ್ಕಳು ತಿಂಡಿಯ ಪಟ್ಟಿಯನ್ನು ಈಗಲೇ ಕಳಿಸಿದ್ದಾರೆ: ಚುರೊ, ಡೋಲ್ ವಿಪ್, ಮಿಕ್ಕಿ ಆಕಾರದ ಪ್ರೆಟ್ಜೆಲ್, ಪಾಪ್‌ಕಾರ್ನ್, ಬಟರ್‌ಬಿಯರ್. ಅಳಿಯನಿಗೆ ಟರ್ಕಿ ಕೋಳಿಯ ಕಾಲು ಬೇಕಂತೆ. ನಾವಿಬ್ಬರು ಸಸ್ಯಾಹಾರಿಗಳು, ಕಾಫಿ ಮತ್ತು ಮಜ್ಜಿಗೆ ಬಿಟ್ಟರೆ ಬೇರೇನೂ ಕುಡಿದು ರೂಢಿಯಿಲ್ಲ. ಹಿಂದೊಮ್ಮೆ ಹೋದಾಗ ಎಲ್ಲದರ ಜೊತೆಗೂ ಕೋಲಾ ಕುಡಿದು ಸಂಜೆಯ ಹೊತ್ತಿಗೆ ಬಾಯೆಲ್ಲ ಜಿಗುಟಾಗಿ, ದಾಹ ಮಾತ್ರ ಹಾಗೆಯೇ ಉಳಿದಿತ್ತು. ಯಾವ ತಿಂಡಿಗೆ ಯಾವ ಪಾನೀಯ ಹೊಂದುತ್ತದೆ ಎಂದು ತಿಳಿಸುತ್ತೀರಾ? ಮನೆಯಿಂದ ಏನಾದರೂ ಒಯ್ಯಲು ಬಿಡುತ್ತಾರೆಯೇ?
ಓದುಗರು, ದಾವಣಗೆರೆ

ಉತ್ತರ: ಕೋಲಾವನ್ನೊಂದನ್ನೇ ದೂರಬೇಡಿ. ಅದು ಚುರೊದ ಜೊತೆ ಬಂದದ್ದು ತೊಂದರೆ. ಅದೇ ಕೋಲಾ ಉಪ್ಪು ಹಾಕಿದ ಪಾಪ್‌ಕಾರ್ನಿನ ಜೊತೆ ಬಂದಿದ್ದರೆ ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲವೇನೋ.

ಮೈಸೂರು ಪಾಕ್ ತಿಂದ ಬಾಯಿಗೆ ಸಕ್ಕರೆ ಹಾಕಿದ ಕಾಫಿಯೂ ಸಪ್ಪೆಯೆನಿಸುವುದು ನಿಮಗೆ ಗೊತ್ತಿರುವ ಸಂಗತಿ. ನಾಲಿಗೆ ಸಿಹಿಗೆ ಒಗ್ಗಿಹೋದ ಮೇಲೆ ಮುಂದಿನ ಗುಟುಕಿನ ಸಿಹಿ ಅದಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಆ ಗುಟುಕಿನಲ್ಲಿ ಸಿಹಿಯನ್ನು ಬಿಟ್ಟು ಬೇರೇನಿದೆಯೋ ಅದಷ್ಟೇ ಎದ್ದು ಕಾಣುತ್ತದೆ. ಕಾಫಿಯಲ್ಲಿ ಉಳಿಯುವುದು ಕಹಿ, ಅದು ನಮಗೆ ಬೇಕಾದದ್ದೇ. ಕೋಲಾದಲ್ಲಿ ಉಳಿಯುವುದು ಆಮ್ಲ. 355 ಮಿಲಿಲೀಟರಿನ ಒಂದು ಕೋಕಾ ಕೋಲಾ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ ಇರುತ್ತದೆ. ಚುರೊ ತಿಂದು ಅದನ್ನು ಕುಡಿದರೆ ಆ ಸಕ್ಕರೆಯಷ್ಟೂ ಹೊಟ್ಟೆಗೆ ಹೋಗುತ್ತದೆ, ನಾಲಿಗೆಗೆ ಮಾತ್ರ ಹುಳಿನೀರು ಕುಡಿದ ಹಾಗಿರುತ್ತದೆ. ಸಿಹಿ ತಿನಿಸಿನ ಜೊತೆಗಿನ ವೈನ್ ಆ ತಿನಿಸಿಗಿಂತಲೂ ಸಿಹಿಯಾಗಿರಬೇಕು ಎಂದು ವೈನ್ ಬಲ್ಲವರು ಪಟ್ಟು ಹಿಡಿಯುವುದಕ್ಕೂ ಇದೇ ಕಾರಣ, ವೈನಿನಲ್ಲಿ ಹುಳಿಯಿದೆ. ಆದರೆ ಆ ದಾರಿಯಲ್ಲಿ ನಡೆದರೆ ಪಾರ್ಕಿನಲ್ಲಿ ಸಂಜೆಯವರೆಗೆ ಸಕ್ಕರೆಯ ಮೇಲೆ ಸಕ್ಕರೆ ಸುರಿಯಬೇಕಾಗುತ್ತದೆ. ನನ್ನ ಸಲಹೆ ಬೇರೆ: ಸಿಹಿ ತಿಂಡಿಗೆ ಕಹಿ ಪಾನೀಯ, ಉಪ್ಪು ತಿಂಡಿಗೆ ಹುಳಿ ಪಾನೀಯ. ನೀವು ಕೊಟ್ಟ ಪಟ್ಟಿಯನ್ನು ಈ ಒಂದು ಸೂತ್ರ ಹಿಡಿದುಕೊಂಡೇ ಹೆಚ್ಚುಕಡಿಮೆ ಮುಗಿಸಬಹುದು.

ಇದು ಹೊಸ ವಿದ್ಯೆಯೇನಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಬಂದವರಿಗೂ, ಹೋಟೆಲಿನಲ್ಲಿ ಕುಳಿತ ಗೆಳೆಯರಿಗೂ ಮೊದಲು ಸಿಹಿ, ಆಮೇಲೆ ಖಾರ, ಕೊನೆಗೆ ಕಾಫಿ. ಕೇಸರಿಬಾತಿಗೂ ಕಾಫಿಗೂ ನಡುವೆ ಬರುವ ಖಾರಾಬಾತು ನಾಲಿಗೆಯನ್ನು ತೊಳೆದು ಕಾಫಿಗೆ ಸಿದ್ಧ ಮಾಡುತ್ತದೆ. ಒರ್ಲಾಂಡೊದಲ್ಲೂ ಇದೇ ಕ್ರಮ ಇಟ್ಟುಕೊಳ್ಳಿ. ಮಕ್ಕಳು ಚುರೊ ತಿಂದಾದ ಮೇಲೆ ಎರಡು ಹಿಡಿ ಉಪ್ಪಿನ ಪಾಪ್‌ಕಾರ್ನ್, ಆಮೇಲೆ ಕುಡಿಯುವುದು.

ಇನ್ನು ಒಂದೊಂದಾಗಿ. ಚುರೊ ಎಂದರೆ ನಕ್ಷತ್ರದ ಅಚ್ಚಿನಿಂದ ಒತ್ತಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಕೋಲು. ಮೇಲೆ ಸಕ್ಕರೆ, ದಾಲ್ಚಿನ್ನಿ. ಚಕ್ಕುಲಿಯ ಒರಳು ಹಿಡಿದ ಕೈಗೆ ಇದರ ಮರ್ಮ ಹೇಳಿಕೊಡಬೇಕಾಗಿಲ್ಲ. ಸ್ಪೇನಿನವರು ಇದನ್ನು ಬೆಳಗಿನ ಹೊತ್ತು ಬಿಸಿಯಾದ, ಗಟ್ಟಿಯಾದ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ, ಮತ್ತು ಆ ಚಾಕೊಲೇಟು ಚುರೊದಷ್ಟು ಸಿಹಿ ಇರುವುದಿಲ್ಲ. ಕೋಕೋದ ಕಹಿ ಅದರಲ್ಲಿ ಮುಂದಿರುತ್ತದೆ. ಪಾರ್ಕಿನಲ್ಲಿ ಅದಕ್ಕೆ ಸಮನಾದದ್ದು ಸಕ್ಕರೆಯಿಲ್ಲದ ಬಿಸಿ ಕಾಫಿ. ಬಿಸಿ ಎಂದು ಒತ್ತಿ ಹೇಳಲು ಕಾರಣವಿದೆ. ಕರಿದ ತಿಂಡಿಯ ಮೇಲೆ ಐಸ್ ತುಂಬಿದ ಪಾನೀಯ ಕುಡಿದರೆ ಜಿಡ್ಡು ಅಂಗುಳಕ್ಕೆ ಅಂಟಿ ಕೂರುತ್ತದೆ, ಬಿಸಿ ಗುಟುಕು ಅದನ್ನು ಕರಗಿಸಿ ಇಳಿಸುತ್ತದೆ. ಜೂನ್ ತಿಂಗಳಲ್ಲಿ 32–33 ಡಿಗ್ರಿ ಸೆಲ್ಸಿಯಸ್ ಶಾಖ, ಅದರ ಮೇಲೆ ಮಂಗಳೂರನ್ನು ನೆನಪಿಸುವ ಸೆಕೆ. ಅಂಥದ್ದರಲ್ಲಿ ಬಿಸಿ ಕಾಫಿಯೇ ಎಂದು ನಿಮ್ಮ ಯಜಮಾನರು ಕೇಳಬಹುದು. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆ ಬರುವುದು ಸಾಮಾನ್ಯ. ಆಗ ಹೊರಗಿನ ಆಟಗಳನ್ನು ನಿಲ್ಲಿಸುತ್ತಾರೆ, ಎಲ್ಲರೂ ಸೂರು ಹುಡುಕಿ ನಿಲ್ಲುತ್ತಾರೆ. ಚುರೊ ಮತ್ತು ಕಾಫಿಯನ್ನು ಆ ಹೊತ್ತಿಗೆ ಕಾದಿರಿಸಿ.

ಕಾಫಿಯ ಬಗ್ಗೆ ಎರಡು ಮಾತು. ಅಲ್ಲಿನ ಸಾದಾ ಕಾಫಿ ದೊಡ್ಡ ಲೋಟದಲ್ಲಿ ಬರುವ ತೆಳ್ಳನೆಯ ಡಿಕಾಕ್ಷನ್, ಚಿಕೋರಿ ಇರುವುದಿಲ್ಲ. ಲಾಟೆ ಕೇಳಿದರೆ ಹಾಲಿನ ಹೊಳೆ. ದಾವಣಗೆರೆಯ ನಾಲಿಗೆಗೆ ಹತ್ತಿರವಾದದ್ದು ಬೇಕಿದ್ದರೆ ಎರಡು ಶಾಟ್ ಎಸ್‌ಪ್ರೆಸೊ ತೆಗೆದುಕೊಂಡು, ಅದಕ್ಕೆ ಸ್ವಲ್ಪವೇ ಬಿಸಿ ಹಾಲು ಬೆರೆಸಿಕೊಡಲು ಹೇಳಿ. ಡಿಸ್ನಿ ಪಾರ್ಕುಗಳ ಒಳಗೇ ಸ್ಟಾರ್‌ಬಕ್ಸ್ ಅಂಗಡಿಗಳಿವೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪ್ರವೇಶದ್ವಾರ ದಾಟಿದ ಕೂಡಲೇ ಸಿಗುವ ಮೇನ್ ಸ್ಟ್ರೀಟ್ ಬೇಕರಿ ಅಂಥದ್ದೊಂದು. ಚಾಕೊಲೇಟ್ ಹೊದಿಸಿದ ಮಿಕ್ಕಿ ಐಸ್‌ಕ್ರೀಮಿಗೂ ಇದೇ ಕಾಫಿ ಸಾಕು, ಬೇರೆ ಹುಡುಕಬೇಡಿ.

ಡಿಸ್ನಿಯ ಅನಿಮಲ್ ಕಿಂಗ್‌ಡಮ್ ಪಾರ್ಕಿನಲ್ಲಿ ಆನಂದಪುರ ಎಂಬ ಕಲ್ಪಿತ ಊರನ್ನು ಕಟ್ಟಿದ್ದಾರೆ. ನಮ್ಮ ಸಾಗರದ ಹತ್ತಿರದ ಆನಂದಪುರಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೂ ಮಲೆನಾಡಿನವರಿಗೆ ಆ ಫಲಕ ನೋಡಿ ನಗು ಬರುತ್ತದೆ. ಅಲ್ಲಿ ರಾಯಲ್ ಆನಂದಪುರ ಟೀ ಕಂಪನಿ ಎಂಬ ಪುಟ್ಟ ಅಂಗಡಿಯಿದೆ. ಅಮೆರಿಕದ ಅಂಗಡಿಗಳಲ್ಲಿ ಮಸಾಲೆ ಚಹಾ ಎಂದು ಕೊಡುವುದು ಬಹಳ ಸಲ ಮೊದಲೇ ಸಕ್ಕರೆ ಬೆರೆಸಿಟ್ಟ ಸಾರದಿಂದ ಮಾಡಿದ್ದಾಗಿರುತ್ತದೆ. ಹಾಗಾಗಿ ಸಿಹಿ ತಿಂಡಿಯ ಜೊತೆ ಅದು ಬೇಡ, ಸಾದಾ ಚಹಾ ಕೇಳಿ.

ಡೋಲ್ ವಿಪ್‌ಗೆ ಬಂದರೆ ನನ್ನ ಸೂತ್ರ ಕೈಕೊಡುತ್ತದೆ. ಅನಾನಸ್ ರುಚಿಯ ಈ ಮೆತ್ತನೆಯ ಐಸ್‌ಕ್ರೀಮು ಸಿಹಿಯೂ ಹೌದು, ಹುಳಿಯೂ ಹೌದು. ಡೋಲ್ ಎಂಬುದು ಹವಾಯಿಯ ಅನಾನಸ್ ತೋಟಗಳಿಂದ ಬೆಳೆದ ಕಂಪನಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಟಿಕಿ ರೂಮ್ ಪ್ರದರ್ಶನಕ್ಕೆ ಅದು 1976ರಿಂದ ಪ್ರಾಯೋಜಕ. ಐಸ್‌ಕ್ರೀಮು ಬಂದದ್ದು 1980ರ ದಶಕದಲ್ಲಿ. ಅನಾನಸ್ ರುಚಿಯದ್ದರಲ್ಲಿ ಹಾಲಿನ ಅಂಶವಿಲ್ಲ, ನೀವಿಬ್ಬರೂ ನಿಶ್ಚಿಂತೆಯಿಂದ ತಿನ್ನಬಹುದು. ಇದರ ಮೇಲೆ ಕಾಫಿ ಕುಡಿದಿರೋ ಕೆಟ್ಟಿರಿ: ಹುಳಿಗೆ ಕಹಿ ತಗುಲಿ ಬಾಯಿ ಒಗರಾಗುತ್ತದೆ. ಅಂಗಡಿಯವರೇ ಇದನ್ನು ಅನಾನಸ್ ರಸದಲ್ಲಿ ತೇಲಿಸಿಯೂ ಕೊಡುತ್ತಾರೆ, ಮಕ್ಕಳಿಗೆ ಅದೇ ಇಷ್ಟ. ನನಗೆ ಅದು ಅತಿಯಾಯಿತು ಎನಿಸುತ್ತದೆ. ನಾಲಿಗೆ ತಣ್ಣಗಾದಷ್ಟೂ ಸಿಹಿಯ ಅರಿವು ಕುಗ್ಗುತ್ತದೆ, ಅದಕ್ಕಾಗಿಯೇ ಹೆಪ್ಪುಗಟ್ಟಿಸುವ ತಿನಿಸಿಗೆ ಸಕ್ಕರೆ ಜಾಸ್ತಿ ಹಾಕುತ್ತಾರೆ. ಕರಗಿದ ಐಸ್‌ಕ್ರೀಮು ಅತಿಸಿಹಿ ಎನಿಸುವುದು ಈ ಕಾರಣಕ್ಕೆ. ರಸದಲ್ಲಿ ತೇಲಿಸಿದಾಗ ಬೇಗ ಕರಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಡೋಲ್ ವಿಪ್‌ಗೆ ಬರೀ ನೀರು ಸಾಕು. ಇನ್ನೂ ಒಂದು ಗುಟ್ಟು: ನಮ್ಮ ಬಸ್ ನಿಲ್ದಾಣಗಳ ಗಾಡಿಯಲ್ಲಿ ಅನಾನಸ್ ಹೋಳುಗಳ ಮೇಲೆ ಉದುರಿಸಿ ಕೊಡುವ ಉಪ್ಪು-ಖಾರದ ಪುಡಿಯನ್ನು ಚಿಕ್ಕ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಿ. ಒಂದು ಚಿಟಿಕೆ ಉದುರಿಸಿದರೆ ಅದರ ಗತ್ತೇ ಬೇರೆ. ಮೊಮ್ಮಕ್ಕಳು ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ನಿಮ್ಮ ಕಪ್ಪಿಗೇ ಕೈ ಹಾಕುತ್ತಾರೆ.

ಪ್ರೆಟ್ಜೆಲ್ ಎಂಬ ಬ್ರೆಡ್ಡಿನ ಜಾತಿಯ ತಿಂಡಿ ಉಪ್ಪಿನ ಕಡೆಯದ್ದು. ಬೇಯಿಸುವ ಮುನ್ನ ಹಿಟ್ಟನ್ನು ಕ್ಷಾರದ ನೀರಿನಲ್ಲಿ ಅದ್ದುವುದರಿಂದ ಅದರ ಸಿಪ್ಪೆಗೆ ಆ ಕಂದು ಬಣ್ಣ, ಸಣ್ಣ ಕಹಿ ಬರುತ್ತದೆ. ಮೇಲೆ ಹರಳುಪ್ಪು, ಪಕ್ಕದಲ್ಲಿ ಚೀಸ್ ಗೊಜ್ಜು. ಉಪ್ಪು ಮತ್ತು ಕೊಬ್ಬು ಎರಡೂ ಸೇರಿದಲ್ಲಿ ಹುಳಿ ಬೇಕು, ಜೊತೆಗೆ ತುಸು ಒಗರಿದ್ದರೆ ಇನ್ನೂ ಚೆನ್ನ. ಸಕ್ಕರೆ ಹಾಕದ ತಣ್ಣನೆಯ ಚಹಾಕ್ಕೆ ಅರ್ಧದಷ್ಟು ನಿಂಬೆ ಪಾನಕ ಬೆರೆಸಿದರೆ ಎರಡೂ ಸಿಗುತ್ತವೆ. ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಇದನ್ನೇ ಕುಡಿಯುತ್ತಿದ್ದುದರಿಂದ ಅಮೆರಿಕದಲ್ಲಿ ಆ ಮಿಶ್ರಣಕ್ಕೆ ಅವರ ಹೆಸರೇ ನಿಂತಿದೆ. ಚಹಾದ ಒಗರು ಬಾಯಿಗೆ ಮೆತ್ತಿದ ಚೀಸನ್ನು ಕೆರೆದು ತೆಗೆಯುತ್ತದೆ. ಒಂದು ಎಚ್ಚರಿಕೆ: ಅಟ್ಲಾಂಟಾ ಕಡೆಯ ದಕ್ಷಿಣ ರಾಜ್ಯಗಳಲ್ಲಿ ತಣ್ಣನೆಯ ಚಹಾ ಎಂದರೆ ಸಕ್ಕರೆ ಸುರಿದದ್ದೇ ಬರಬಹುದು, ಸಕ್ಕರೆ ಇಲ್ಲದ್ದು ಎಂದು ಬಿಡಿಸಿ ಹೇಳಿ. ಯಂತ್ರದಿಂದ ಬರುವ ನಿಂಬೆ ಪಾನಕವೂ ನಮ್ಮ ಮನೆಯ ಪಾನಕಕ್ಕಿಂತ ಬಹಳ ಸಿಹಿ. ನೀವೇ ಲೋಟ ಹಿಡಿದು ತುಂಬಿಕೊಳ್ಳುವ ಯಂತ್ರವಿದ್ದರೆ ಅರ್ಧ ಪಾನಕ, ಅರ್ಧ ಸೋಡಾ ಅಥವಾ ನೀರು ಹಿಡಿಯಿರಿ.

ಪಾಪ್‌ಕಾರ್ನ್ ಬಾಯಿಯ ಜೊಲ್ಲನ್ನೆಲ್ಲ ಹೀರಿಕೊಳ್ಳುವ ತಿಂಡಿ. ಉಪ್ಪಿನ ದಾಹ ಬೇರೆ. ಇಲ್ಲಿ ಮಾತ್ರ ನಿಮ್ಮ ಕೋಲಾಕ್ಕೆ ನ್ಯಾಯವಾದ ಜಾಗವಿದೆ. ಅದರ ಹುಳಿ, ಗ್ಯಾಸಿನ ಚುರುಕು, ಸಿಹಿ ಮೂರೂ ಉಪ್ಪಿನ ಎದುರು ತೂಕವಾಗಿ ನಿಲ್ಲುತ್ತವೆ. ಕೋಕಾ ಕೋಲಾ 1886ರಲ್ಲಿ ಹುಟ್ಟಿದ್ದು ನಿಮ್ಮ ಮಗಳಿರುವ ಅಟ್ಲಾಂಟಾದಲ್ಲೇ, ಜಾನ್ ಪೆಂಬರ್ಟನ್ ಎಂಬ ಔಷಧ ತಯಾರಕರ ಕೈಯಲ್ಲಿ. ಊರಿನ ಮರ್ಯಾದೆಗೆ ಒಂದು ಲೋಟ ಕುಡಿಯಿರಿ, ಆರು ಜನ ಹಂಚಿಕೊಂಡು. ಟೋಕಿಯೊದ ಡಿಸ್ನಿಲ್ಯಾಂಡಿನಲ್ಲಿ ‘ಕರ್ರಿ’ ಮಸಾಲೆಯ ಪಾಪ್‌ಕಾರ್ನ್ ಮಾರುತ್ತಾರೆ. ಒರ್ಲಾಂಡೊದವರು ಅದನ್ನು ಯಾಕೆ ತರಿಸಿಕೊಂಡಿಲ್ಲವೋ ನಾನರಿಯೆ. ಹತ್ತಿರದ ನೆಂಟನೆಂದರೆ ಡಿಸ್ನಿಯ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಲೋಕವನ್ನು ಕಟ್ಟಿರುವ ಗ್ಯಾಲಕ್ಸೀಸ್ ಎಡ್ಜ್ ಭಾಗದಲ್ಲಿ ಸಿಗುವ ಸಿಹಿ-ಖಾರ ಬೆರೆಸಿದ ಪಾಪ್‌ಕಾರ್ನ್. ಅದರ ಜೊತೆಗೆ ಅಲ್ಲಿಯ ನೀಲಿ ಹಾಲನ್ನು ಕೊಡಿಸಿ, ಮಕ್ಕಳು ಹೇಗಿದ್ದರೂ ಅದಕ್ಕೆ ಹಟ ಹಿಡಿಯುತ್ತಾರೆ. ಹೆಸರು ಹಾಲೆಂದಿದ್ದರೂ ಅದು ತೆಂಗು ಮತ್ತು ಅಕ್ಕಿಯ ಹಾಲಿನಿಂದ ಮಾಡಿದ, ಅರೆಹೆಪ್ಪುಗಟ್ಟಿದ ಪಾನೀಯ. ಮೆಣಸಿನ ಖಾರ ಕೊಬ್ಬಿನಲ್ಲಿ ಕರಗುವಂಥದ್ದು, ನೀರಿಗೆ ಜಗ್ಗುವುದಿಲ್ಲ. ತೆಂಗಿನ ಕೊಬ್ಬು ಅದನ್ನು ತಕ್ಕಮಟ್ಟಿಗೆ ಇಳಿಸುತ್ತದೆ. ನಿಮ್ಮ ಮಜ್ಜಿಗೆಯಷ್ಟು ಚೆನ್ನಾಗಿ ಇಳಿಸಲಾರದು. ಹಾಲಿನ ಪ್ರೋಟೀನು ಖಾರವನ್ನು ನಾಲಿಗೆಯಿಂದ ಬಿಡಿಸಿ ಒಯ್ಯುತ್ತದೆ, ತೆಂಗಿನ ಹಾಲಿನಲ್ಲಿ ಆ ಪ್ರೋಟೀನಿಲ್ಲ.

ನಿಮ್ಮ ಅಳಿಯಂದಿರ ಟರ್ಕಿ ಕಾಲು ಮೂಳೆ ಸೇರಿ ಸುಮಾರು 700 ಗ್ರಾಂ ತೂಗುವ ವಸ್ತು. ಉಪ್ಪುನೀರಿನಲ್ಲಿ ನೆನೆಸಿ ಹೊಗೆಯಲ್ಲಿ ಬೇಯಿಸುವುದರಿಂದ ಮಾಂಸ ಗುಲಾಬಿ ಬಣ್ಣಕ್ಕೆ ತಿರುಗಿ ಹಂದಿಮಾಂಸದ ಹ್ಯಾಮ್‌ನಂತೆ ರುಚಿಸುತ್ತದೆ. ಪಾರ್ಕಿನಲ್ಲಿ ಸಿಗುವ ಅತಿಸಿಹಿ ಪಾನೀಯಗಳಿಗೆ ನಿಜವಾದ ಜೋಡಿ ಇದು ಎಂಬುದು ನನ್ನ ಅಭಿಪ್ರಾಯ. ಹೊಗೆ ಮತ್ತು ಉಪ್ಪಿನ ಎದುರು ಸೇಬಿನ ರಸ ಬಹಳ ಚೆನ್ನಾಗಿ ಕೂರುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನ ಗ್ಯಾಸ್ಟನ್ಸ್ ಟ್ಯಾವರ್ನ್‌ನಲ್ಲಿ ಸಿಗುವ ಲಫೂಸ್ ಬ್ರೂ ಹೆಪ್ಪುಗಟ್ಟಿಸಿದ ಸೇಬಿನ ರಸವೇ. ಅದಕ್ಕೆ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿಯನ್ನು ಸುಟ್ಟ ಸುವಾಸನೆ, ಮೇಲೆ ಹಣ್ಣಿನ ನೊರೆ. ಜನ ಅದನ್ನು ಅಲ್ಲಿನ ದಾಲ್ಚಿನ್ನಿ ಬನ್ನಿನ ಜೊತೆ ಕುಡಿದು ಸುಸ್ತಾಗುತ್ತಾರೆ. ಅಳಿಯಂದಿರು ಅದನ್ನು ಟರ್ಕಿಯ ಜೊತೆ ಕುಡಿದು ನೋಡಲಿ. ಮಾರ್ಷ್‌ಮ್ಯಾಲೋ ಎಂದಾಗ ನೆನಪಾಯಿತು: ನಿಜವಾದ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಅದನ್ನು ಅಂಟಿಸಿ ಮಾಡುವ ಮಿಕ್ಕಿ ಆಕಾರದ ಮಂಡಕ್ಕಿ ಉಂಡೆಯಂಥ ತಿಂಡಿ ನೋಡಲು ಸಾತ್ವಿಕವಾಗಿದ್ದರೂ ನಿಮಗಲ್ಲ.

ಬಟರ್‌ಬಿಯರ್ ಸಿಗುವುದು ಡಿಸ್ನಿಯಲ್ಲಿ ಅಲ್ಲ, ಯೂನಿವರ್ಸಲ್‌ನಲ್ಲಿ. 2010ರಲ್ಲಿ ಹ್ಯಾರಿ ಪಾಟರ್ ಲೋಕವನ್ನು ತೆರೆದಾಗ ಜೊತೆಯಲ್ಲೇ ಬಂದದ್ದು. ಹೆಸರಿಗೆ ಹೆದರಬೇಡಿ, ಮದ್ಯದ ಹನಿಯೂ ಇಲ್ಲ. ಬೆಣ್ಣೆ ಮತ್ತು ಕಾಯಿಸಿದ ಸಕ್ಕರೆಯ ರುಚಿ, ಮೇಲೆ ದಪ್ಪ ಕೆನೆನೊರೆ. ಇದನ್ನು ಪಾನೀಯವೆಂದು ಎಣಿಸಿದ್ದೇ ಅಲ್ಲಿ ಎಲ್ಲರೂ ಎಡವುವ ಜಾಗ. ಅದು ಲೋಟದಲ್ಲಿರುವ ಮಿಠಾಯಿ. ಅದಕ್ಕೆ ಜೋಡಿಯಾಗಿ ತಿಂಡಿ ಬೇಕು, ಅದೂ ಉಪ್ಪಿನ ತಿಂಡಿ. ಅದರ ಪಕ್ಕದಲ್ಲೇ ಇರುವ ತ್ರೀ ಬ್ರೂಮ್‌ಸ್ಟಿಕ್ಸ್ ಎಂಬ ಊಟದ ಮನೆಯಲ್ಲಿ ಮೀನು ಮತ್ತು ಆಲೂ ಫ್ರೈ ಜನಪ್ರಿಯ. ನೀವು ಬರೀ ಆಲೂ ಫ್ರೈ ಕೇಳಿ. ಆಲೂ ಫ್ರೈ ಕರಿದ ಎಣ್ಣೆಯಲ್ಲೇ ಮೀನನ್ನೂ ಕರಿಯುತ್ತಾರೆಯೇ ಎಂಬುದನ್ನು ಮಗಳ ಬಾಯಿಂದ ಕೇಳಿಸಿ. ಬಟರ್‌ಬಿಯರ್ ತಣ್ಣಗೆ, ಹೆಪ್ಪುಗಟ್ಟಿಸಿ, ಬಿಸಿಯಾಗಿ ಮೂರು ಬಗೆಯಲ್ಲಿ ಸಿಗುತ್ತದೆ. ಹೆಪ್ಪುಗಟ್ಟಿಸಿದ್ದು ನಾಲಿಗೆಯನ್ನು ಮರಗಟ್ಟಿಸುವುದರಿಂದ ಸಿಹಿ ಕಡಿಮೆ ತಟ್ಟುತ್ತದೆ, ಸೆಕೆಗೂ ಒಳ್ಳೆಯದು. ಮೂವರಿಗೆ ಒಂದು ಲೋಟ ಸಾಕೋ ಸಾಕು.

ಪಟ್ಟಿಯಲ್ಲಿ ಇಲ್ಲದ ಎರಡನ್ನು ನಾನೇ ಸೇರಿಸುತ್ತೇನೆ, ಎರಡೂ ಡಿಸ್ನಿಯ ಎಪ್‌ಕಾಟ್ ಪಾರ್ಕಿನವು. 1982ರ ಅಕ್ಟೋಬರ್ 1ರಂದು ತೆರೆದ ಈ ಪಾರ್ಕಿನಲ್ಲಿ ಹನ್ನೊಂದು ದೇಶಗಳ ಮಂಟಪಗಳು ಕೊಳದ ಸುತ್ತ ಇವೆ. ನಾರ್ವೆಯ ಮಂಟಪದ ಬೇಕರಿಯಲ್ಲಿ ಸ್ಕೂಲ್ ಬ್ರೆಡ್ ಎಂಬ ಬನ್ನು ಸಿಗುತ್ತದೆ: ಏಲಕ್ಕಿ ಹಾಕಿದ ಹಿಟ್ಟು, ನಡುವೆ ಕಸ್ಟರ್ಡ್, ಮೇಲೆ ತೆಂಗಿನ ತುರಿ. ಸಕಲೇಶಪುರ, ಕೊಡಗಿನಲ್ಲಿ ಬೆಳೆಯುವ ಏಲಕ್ಕಿಯ ಮೇಲೆ ಉತ್ತರ ಯುರೋಪಿನವರಿಗೆ ನಮಗಿಂತಲೂ ಮೋಹ ಹೆಚ್ಚು. ನೀವು ಮೊಟ್ಟೆ ತಿನ್ನದವರಾದರೆ ಕಸ್ಟರ್ಡಿನ ಬಗ್ಗೆ ವಿಚಾರಿಸಿಯೇ ಮುಂದುವರಿಯಿರಿ. ತಿನ್ನುವವರಾದರೆ ಜೊತೆಗೆ ಸಕ್ಕರೆಯಿಲ್ಲದ ಕಪ್ಪು ಕಾಫಿ. ಹಾಲು ಬಿದ್ದರೆ ಏಲಕ್ಕಿಯ ಘಮ ಮಂಕಾಗುತ್ತದೆ.

ಎರಡನೆಯದು ಕ್ಲಬ್ ಕೂಲ್. ಬೇರೆ ಬೇರೆ ದೇಶಗಳಲ್ಲಿ ಕೋಕಾ ಕೋಲಾ ಕಂಪನಿ ಮಾರುವ ಪಾನೀಯಗಳನ್ನು ಇಲ್ಲಿ ಪುಟ್ಟ ಲೋಟಗಳಲ್ಲಿ ಉಚಿತವಾಗಿ ಸವಿಯಬಹುದು. ಅದರಲ್ಲಿ ಇಟಲಿಯ ಬೆವರ್ಲಿ ಎಂಬುದೊಂದಿದೆ. ಊಟಕ್ಕೆ ಮುಂಚೆ ಹಸಿವು ಕೆರಳಿಸಲು ಕುಡಿಯುವ ಕಹಿ ಪಾನೀಯದ ಜಾತಿಗೆ ಸೇರಿದ್ದು. ಗೊತ್ತಿಲ್ಲದವರಿಗೆ ಇದನ್ನು ಕುಡಿಸಿ ಅವರ ಮುಖ ಕಿವುಚುವುದನ್ನು ನೋಡಿ ನಗುವುದು ಅಮೆರಿಕನ್ನರಿಗೆ ದೊಡ್ಡ ತಮಾಷೆ. ಹಾಗಲಕಾಯಿ ಗೊಜ್ಜು ಉಂಡು ಬೆಳೆದ ನಿಮಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಕ್ಕಿಲ್ಲ. ಮಧ್ಯಾಹ್ನದವರೆಗೆ ಸಿಹಿ ತಿಂದು ದಣಿದ ಬಾಯಿಯನ್ನು ಸರಿದಾರಿಗೆ ತರಲು ಆ ಪಾರ್ಕಿನಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮದ್ಯದ ವಿಷಯ ನೀವು ಕೇಳಿಲ್ಲ, ಅಳಿಯಂದಿರು ಕೇಳಬಹುದು. 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 2012ರವರೆಗೆ ಹೊಟೇಲುಗಳಲ್ಲೂ ಮದ್ಯ ಮಾರುತ್ತಿರಲಿಲ್ಲ. ಈಗ ಕೂತು ಉಣ್ಣುವ ಹೊಟೇಲುಗಳಲ್ಲಿ ಸಿಗುತ್ತದೆ. ಎಪ್‌ಕಾಟ್‌ನಲ್ಲಿ ಧಾರಾಳ. ಜರ್ಮನಿಯ ಮಂಟಪದಲ್ಲಿ ಪ್ರೆಟ್ಜೆಲ್ ಮತ್ತು ಬಿಯರ್ ಜೊತೆಯಾಗಿರುವುದಕ್ಕೆ ಪರಂಪರೆಯ ಜೊತೆ ರುಚಿಯ ಕಾರಣವೂ ಇದೆ: ಉಪ್ಪು ಬಿಯರಿನ ಕಹಿಯನ್ನು ತಗ್ಗಿಸುತ್ತದೆ. ಫ್ಲಾರಿಡಾದಲ್ಲಿ 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಕೇಳುತ್ತಾರೆ. ಬಿಯರ್ ದಾಹ ತಣಿಸುವುದಿಲ್ಲ, ಮೂತ್ರ ಹೆಚ್ಚಿಸುತ್ತದೆ. ಒಂದರ ಜೊತೆ ಒಂದು ಲೋಟ ನೀರು ಕಡ್ಡಾಯ ಮಾಡಿ.

ಇನ್ನು ನೀರು. ಡಿಸ್ನಿ ಪಾರ್ಕುಗಳಲ್ಲಿ ಯಂತ್ರದ ಪಾನೀಯ ಕೊಡುವ ತಿಂಡಿ ಕೌಂಟರುಗಳಲ್ಲಿ ಐಸ್ ಹಾಕಿದ ನೀರನ್ನು ಲೋಟದಲ್ಲಿ ಪುಕ್ಕಟೆ ಕೊಡುತ್ತಾರೆ, ಬೇರೇನೂ ಕೊಳ್ಳಬೇಕಾಗಿಲ್ಲ. ಸಂಕೋಚಪಟ್ಟು ಬಾಟಲಿ ಕೊಳ್ಳಬೇಡಿ. ಅಲ್ಲಿನ ನೀರಿನ ರುಚಿ ಹಿಡಿಸದಿದ್ದರೆ ಒಂದು ನಿಂಬೆ ಹೋಳು ಕೇಳಿ. ಐಸ್ ಕಡಿಮೆ ಹಾಕಿಸಿಕೊಳ್ಳಿ. ಮರಗಟ್ಟಿದ ನಾಲಿಗೆಗೆ ಮುಂದಿನ ತಿಂಡಿಯ ರುಚಿ ಅರ್ಧವೇ ಸಿಗುತ್ತದೆ. ಅನಿಮಲ್ ಕಿಂಗ್‌ಡಮ್‌ನಲ್ಲಿ ಪ್ಲಾಸ್ಟಿಕ್ ಸ್ಟ್ರಾ ಕೊಡುವುದಿಲ್ಲ, ಪ್ರಾಣಿಗಳ ಸುರಕ್ಷತೆಗಾಗಿ ಕಾಗದದ್ದು ಮಾತ್ರ. ಮಕ್ಕಳಿಗೆ ಮೊದಲೇ ಹೇಳಿಡಿ.

ಮನೆಯ ತಿಂಡಿಗೆ ಡಿಸ್ನಿಯಲ್ಲಿ ಅಡ್ಡಿಯಿಲ್ಲ. ಕೋಡುಬಳೆ, ನಿಪ್ಪಟ್ಟು, ಖಾರದ ಮಂಡಕ್ಕಿ ಒಯ್ಯಿರಿ. ಚುರೊಗೂ ಕಾಫಿಗೂ ನಡುವಿನ ಖಾರದ ಕೆಲಸಕ್ಕೆ ಪಾಪ್‌ಕಾರ್ನಿಗಿಂತ ಅವೇ ಮೇಲು. ಮದ್ಯವಲ್ಲದ ಪಾನೀಯವನ್ನೂ ಒಯ್ಯಬಹುದು, ಆದ್ದರಿಂದ ನಿಮ್ಮ ಮಜ್ಜಿಗೆಗೂ ಪ್ರವೇಶವಿದೆ. ಗಾಜಿನ ಬಾಟಲಿ ಮತ್ತು ಬಿಡಿ ಐಸ್ ಎರಡನ್ನೂ ತಡೆಯುತ್ತಾರೆ, ಹೀಗಾಗಿ ಮಜ್ಜಿಗೆಯನ್ನು ಸ್ಟೀಲ್ ಫ್ಲಾಸ್ಕಿನಲ್ಲಿ ತುಂಬಿ, ಮತ್ತೆ ಮತ್ತೆ ಬಳಸುವ ಜೆಲ್ ಐಸ್ ಪೊಟ್ಟಣದ ಪಕ್ಕ ಇಡಿ. ಹುಳಿ ಕಡಿಮೆ, ಉಪ್ಪು ಒಂದು ಚೂರು ಮುಂದೆ ಇರಲಿ; ಶುಂಠಿ, ಕರಿಬೇವು ಹಾಕಿದರೆ ಸೋಸಿಕೊಳ್ಳಿ. ಬೆಳಿಗ್ಗೆ ಹನ್ನೊಂದರ ಒಳಗೆ ಮುಗಿಸಿಬಿಡಿ, ಆ ಸೆಕೆಯಲ್ಲಿ ಅದು ಮಧ್ಯಾಹ್ನದವರೆಗೆ ತಾಳುವುದು ಕಷ್ಟ. ಯೂನಿವರ್ಸಲ್‌ನವರು ಇಷ್ಟು ಧಾರಾಳಿಗಳಲ್ಲ: ಬಾಟಲಿ ನೀರು, ಬಿಸಿ ಮಾಡಬೇಕಾಗಿಲ್ಲದ ಸಣ್ಣಪುಟ್ಟ ತಿಂಡಿ, ಇಷ್ಟಕ್ಕೆ ಮಾತ್ರ ಬಿಡುತ್ತಾರೆ. ಅಲ್ಲಿಗೆ ಕೋಡುಬಳೆಯ ಪೊಟ್ಟಣ ಸಾಕು, ಮಜ್ಜಿಗೆಯನ್ನು ಹೊರಡುವ ಮೊದಲು ತಂಗುವ ಕೋಣೆಯಲ್ಲೇ ಕುಡಿದು ಹೊರಡಿ.